ಆಯುಷ್ಮಾನ್ ಕೌಂಟರಿನ ಕೆಲಸದಲ್ಲಿದ್ದೆ, ಈಗ ಎಫ್‌ಐಆರ್‌ನಲ್ಲಿ ನಾಲ್ಕನೇ ಆರೋಪಿ. ಮುಂದೇನು?

ಪ್ರಶ್ನೆ: ಗುಬ್ಬಿ ಕಡೆಯವಳು

ವಕೀಲರು ಅಥವಾ ಆಸ್ಪತ್ರೆಯ ಒಳಗಿನ ಕೆಲಸ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ. ಉದ್ದವಾಗಿದೆ. ಅರ್ಧ ಹೇಳಿ ಅರ್ಧ ಮುಚ್ಚಿಟ್ಟರೆ ಉತ್ತರವೂ ಹಾಗೆಯೇ ಸಿಗುತ್ತದೆ ಎಂದು ಎಲ್ಲವನ್ನೂ ಬರೆಯುತ್ತಿದ್ದೇನೆ.

ನನ್ನ ತವರು ಗುಬ್ಬಿ ತಾಲ್ಲೂಕು. ಬಿ.ಕಾಂ. ಆದ ಮೇಲೆ ಮದುವೆಯಾಗಿ ತುಮಕೂರಿಗೆ ಬಂದೆ. ಯಜಮಾನರು ಅಂತರಸನಹಳ್ಳಿ ಮಾರುಕಟ್ಟೆಯಿಂದ ತರಕಾರಿ ಸಾಗಿಸುವ ಲಗೇಜ್ ಆಟೋ ಓಡಿಸುತ್ತಾರೆ. ನಾನು ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಹೆಸರು ಬೇಡ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಕೌಂಟರಿನಲ್ಲಿ ಕೂರುತ್ತಿದ್ದೆ. ಸಂಬಳ ಹದಿನಾಲ್ಕು ಸಾವಿರ. ರೋಗಿಯ ಪಡಿತರ ಚೀಟಿ ಮತ್ತು ಆಧಾರ್ ನೋಡುವುದು, ಬೆರಳಚ್ಚು ತೆಗೆದುಕೊಳ್ಳುವುದು, ಹಾಸಿಗೆಯ ಮೇಲೆ ಮಲಗಿದವರ ಫೋಟೊ ತೆಗೆಯುವುದು, ವೈದ್ಯರು ಬರೆದುಕೊಟ್ಟ ಕಾಗದಗಳನ್ನು ಸ್ಕ್ಯಾನ್ ಮಾಡಿ ಪೋರ್ಟಲ್‌ಗೆ ಹಾಕುವುದು ನನ್ನ ಕೆಲಸ. ಯಾವ ಕಾಯಿಲೆಗೆ ಯಾವ ಪ್ಯಾಕೇಜ್ ಕೋಡ್ ಎಂದು ತೀರ್ಮಾನಿಸುವವರು ವೈದ್ಯರು ಮತ್ತು ಮ್ಯಾನೇಜರ್. ಅವರು ಹಳದಿ ಚೀಟಿಯಲ್ಲಿ ಕೋಡ್ ಬರೆದು ಫೈಲಿಗೆ ಅಂಟಿಸಿ ಕಳುಹಿಸುತ್ತಿದ್ದರು.

ಖಾಸಗಿ ಆಸ್ಪತ್ರೆಗೆ ಬರಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು, ತುರ್ತು ಪ್ರಕರಣವಾದರೆ ಬೇಡ. ನಮ್ಮಲ್ಲಿ ಬರಬರುತ್ತಾ ಎಲ್ಲರೂ ತುರ್ತು ರೋಗಿಗಳೇ ಆದರು. ಜ್ವರಕ್ಕೆ ಬಂದು ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಸಂಜೆಗೆ ಬಸ್ ಹತ್ತಿದವರು ಫೈಲಿನಲ್ಲಿ ಐದು ದಿನ ತೀವ್ರ ನಿಗಾ ಘಟಕದಲ್ಲಿ ಇರುತ್ತಿದ್ದರು. ನಾನು ಒಮ್ಮೆ ಮ್ಯಾನೇಜರನ್ನು ಕೇಳಿದೆ. "ಡಾಕ್ಟರ್ ಬರೆದದ್ದನ್ನು ಹಾಕಮ್ಮ, ನೀನು ಎಂಬಿಬಿಎಸ್ ಓದಿದ್ದೀಯಾ?" ಎಂದರು. ಮತ್ತೆ ಕೇಳಲಿಲ್ಲ.

ಲಾಗಿನ್ ನನ್ನ ಹೆಸರಿನಲ್ಲಿದೆ. ಓಟಿಪಿ ಬರುವುದು ನನ್ನ ಮೊಬೈಲಿಗೆ. ನಾನು ಆರು ಗಂಟೆಗೆ ಮನೆಗೆ ಹೊರಟ ಮೇಲೆ ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ಮ್ಯಾನೇಜರ್ ವಾಟ್ಸ್‌ಆ್ಯಪ್‌ನಲ್ಲಿ "ಓಟಿಪಿ ಕಳಿಸಮ್ಮ" ಎನ್ನುತ್ತಿದ್ದರು, ಕಳುಹಿಸುತ್ತಿದ್ದೆ. ಆ ಹೊತ್ತಿನಲ್ಲಿ ಅವರು ಏನು ಹಾಕುತ್ತಿದ್ದರು ಎಂದು ನಾನು ಕಂಡಿಲ್ಲ. ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಮಂಜೂರಾದ ಪ್ರತಿ ಫೈಲಿಗೆ ಕೌಂಟರಿನವರಿಗೆ ನೂರು ರೂಪಾಯಿ ಪ್ರೋತ್ಸಾಹಧನ ಕೊಡುತ್ತಿದ್ದರು. ಅದು ಸಂಬಳದ ಜೊತೆ ಬರುತ್ತಿರಲಿಲ್ಲ. ಮ್ಯಾನೇಜರ್ ತಮ್ಮ ಸ್ವಂತ ಖಾತೆಯಿಂದ ಫೋನ್‌ಪೇ ಮಾಡುತ್ತಿದ್ದರು.

ಬೆಂಗಳೂರಿನಿಂದ ತಪಾಸಣೆಗೆ ಬಂದವರು ಹಿಡಿದದ್ದು ತೀರಾ ಸುಲಭದ ವಿಷಯವನ್ನು. ನಿಗಾ ಘಟಕದಲ್ಲಿ ಇರುವುದು ಆರು ಹಾಸಿಗೆ, ಒಂದೇ ದಿನ ಹನ್ನೊಂದು ಮಂದಿ ಅಲ್ಲಿದ್ದರು ಎಂದು ಕ್ಲೇಮ್ ಹೋಗಿದೆ. ಆಮೇಲೆ ಒಂದೇ ಎಕ್ಸ್‌ರೇ ಎರಡು ಹೆಸರಿನ ಫೈಲುಗಳಲ್ಲಿ ಸಿಕ್ಕಿತು. ಯೋಜನೆಯನ್ನು ನಡೆಸುವ ಸರ್ಕಾರಿ ಟ್ರಸ್ಟ್‌ನವರು ದೂರು ಕೊಟ್ಟರು. ಮಾಲೀಕರಾದ ವೈದ್ಯರು ಮೊದಲನೇ ಆರೋಪಿ, ಇನ್ನೊಬ್ಬ ವೈದ್ಯರು ಎರಡನೆಯವರು, ಮ್ಯಾನೇಜರ್ ಮೂರು, ನಾನು ನಾಲ್ಕು. 2023 ಮತ್ತು 2024ರ ಫೈಲುಗಳಂತೆ. ಎಫ್‌ಐಆರ್‌ನಲ್ಲಿ ವಂಚನೆ, ಸುಳ್ಳು ದಾಖಲೆಗೆ 420, 468, 471 ಎಂದೂ ಇದೆ, 318, 336 ಎಂದೂ ಇದೆ, ಐಟಿ ಕಾಯ್ದೆಯ ಸೆಕ್ಷನ್‌ಗಳೂ ಇವೆ. ಒಂದೇ ತಪ್ಪಿಗೆ ಎರಡೆರಡು ಬಾರಿ ಶಿಕ್ಷೆಯೇ?

ಈಗ ಠಾಣೆಗೆ ಬರಲು ನೋಟಿಸ್ ಬಂದಿದೆ. ಅದಕ್ಕೂ ಮೊದಲೇ ಮ್ಯಾನೇಜರ್ ಮನೆಗೆ ಬಂದಿದ್ದರು. ಆಸ್ಪತ್ರೆಯ ವಕೀಲರೇ ನನ್ನ ಪರವಾಗಿಯೂ ನಿಲ್ಲುತ್ತಾರಂತೆ, ಒಂದು ರೂಪಾಯಿ ಖರ್ಚಿಲ್ಲವಂತೆ. ಟ್ರಸ್ಟ್‌ಗೆ ದಂಡ ಕಟ್ಟಿದರೆ ಕೇಸ್ ಮುಗಿಯುತ್ತದಂತೆ. ಆದರೆ ಒಂದು ಪತ್ರಕ್ಕೆ ಸಹಿ ಹಾಕಬೇಕು: "ಲಾಗಿನ್ ಮತ್ತು ಪಾಸ್‌ವರ್ಡನ್ನು ನಾನೊಬ್ಬಳೇ ಬಳಸುತ್ತೇನೆ, ಅಪ್‌ಲೋಡ್ ಮಾಡುವ ದಾಖಲೆಗಳಿಗೆ ನಾನೇ ಜವಾಬ್ದಾರಳು." ದಿನಾಂಕ ನಾನು ಕೆಲಸಕ್ಕೆ ಸೇರಿದ ತಿಂಗಳದ್ದು. ಇದು "ಸುಮ್ಮನೆ ಫೈಲಿಗೆ" ಎಂದರು.

ನಮ್ಮ ಅತ್ತೆ ಸಹಿ ಹಾಕು ಎನ್ನುತ್ತಾರೆ. ನನ್ನ ಮಗಳ ಹೆರಿಗೆ ಆದದ್ದು ಅದೇ ಆಸ್ಪತ್ರೆಯಲ್ಲಿ. ಡಾಕ್ಟರಮ್ಮ ಒಂದು ಪೈಸೆ ತೆಗೆದುಕೊಂಡಿರಲಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಅತ್ತೆಯ ಮಾತು. ಯಜಮಾನರು ಏನೂ ಹೇಳುವುದಿಲ್ಲ, ರಾತ್ರಿ ನಿದ್ದೆ ಮಾಡುವುದೂ ಇಲ್ಲ.

ನನ್ನ ಪ್ರಶ್ನೆಗಳು: ಠಾಣೆಗೆ ಹೋದರೆ ಅಲ್ಲೇ ಬಂಧಿಸುತ್ತಾರೆಯೇ? ಆಸ್ಪತ್ರೆಯ ವಕೀಲರನ್ನು ಒಪ್ಪಿಕೊಳ್ಳಬಹುದೇ? ಪ್ರೋತ್ಸಾಹಧನದ ಹಣವನ್ನು ಲೆಕ್ಕ ಹಾಕಿ ವಾಪಸು ಕೊಟ್ಟುಬಿಟ್ಟರೆ ಒಳ್ಳೆಯದೇ? ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸಿಬಿಡು ಎಂದು ನಾದಿನಿ ಹೇಳುತ್ತಾಳೆ. ಏನು ಮಾಡಲಿ?

ಉತ್ತರ 1: ಕೋರ್ಟ್ ಆವರಣದ ಹುಣಸೆಮರ

ತಂಗಿ, ನಾನು ತುಮಕೂರಿನಲ್ಲೇ ವಕೀಲಿ ಮಾಡುವವನು. ಮೊದಲು ಒಂದು ಮಾತು: ಇಲ್ಲಿ ಇನ್ನು ಏನನ್ನೂ ಬರೆಯಬೇಡಿ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ನಿಮ್ಮ ವಿರುದ್ಧ ರುಜುವಾತು ಮಾಡುವಂತಿಲ್ಲ. ಆದರೆ ಊರಿಗೆಲ್ಲ ಕಾಣುವಂತೆ ನೀವೇ ಬರೆದದ್ದಕ್ಕೆ ಆ ರಕ್ಷಣೆ ಇಲ್ಲ. ಪ್ರೋತ್ಸಾಹಧನದ ಸಾಲುಗಳನ್ನು ಓದುವಾಗ ನನ್ನ ಎದೆ ಝಲ್ಲೆಂದಿತು.

ಸಂದೇಶಗಳನ್ನು ಅಳಿಸಬೇಡಿ. ನಾದಿನಿಗೆ ಕೈಮುಗಿದು ಸುಮ್ಮನಿರಲು ಹೇಳಿ. "ಓಟಿಪಿ ಕಳಿಸಮ್ಮ" ಎಂಬ ಆ ಸಾಲು, ಅದರ ಪಕ್ಕದ ಗಂಟೆ ನಿಮಿಷ, ಇವೇ ನಿಮ್ಮ ಪಾಲಿನ ಆಸ್ತಿ. ಅಳಿಸಿದರೆ ಅದು ಹೋಗುತ್ತದೆ. ಮೇಲಾಗಿ ಸಾಕ್ಷ್ಯನಾಶದ ಆರೋಪ ಬೇರೆ ಸೇರಿಕೊಳ್ಳುತ್ತದೆ.

ಆ ಪತ್ರಕ್ಕೆ ಸಹಿ ಹಾಕಬೇಡಿ. ಇದರಲ್ಲಿ ಎರಡನೇ ಯೋಚನೆಯೇ ಬೇಡ. ಹಳೆಯ ದಿನಾಂಕ ಹಾಕಿ ಇವತ್ತು ಸಹಿ ಮಾಡಿದ ಕಾಗದ ಹೊಸದೊಂದು ಸುಳ್ಳು ದಾಖಲೆ. ಇಲ್ಲಿಯವರೆಗೆ ನಿಮ್ಮ ಮೇಲೆ ಇರುವುದು ಆರೋಪ ಮಾತ್ರ. ಸಹಿ ಹಾಕಿದ ಗಳಿಗೆಯಲ್ಲಿ ಅದಕ್ಕೆ ಆಧಾರವನ್ನು ನೀವೇ ಕೈಯಾರೆ ಕೊಟ್ಟ ಹಾಗೆ. ಮ್ಯಾನೇಜರ್ ಬಿಟ್ಟುಹೋದ ಪ್ರತಿ ಇದ್ದರೆ ಹರಿಯದೆ ಎತ್ತಿಡಿ. ಅವರು ಯಾವ ದಿನ ಬಂದಿದ್ದರು, ಮನೆಯಲ್ಲಿ ಯಾರಿದ್ದರು ಎಂದು ಒಂದು ಹಾಳೆಯಲ್ಲಿ ಬರೆದು ನಿಮ್ಮ ವಕೀಲರಿಗೆ ಮಾತ್ರ ಕೊಡಿ.

ಆಸ್ಪತ್ರೆಯ ವಕೀಲರು ಒಳ್ಳೆಯವರೇ ಇರಬಹುದು. ಆದರೆ ಮೊದಲನೇ ಆರೋಪಿಯನ್ನು ಬಿಡಿಸುವ ದಾರಿ ನಾಲ್ಕನೇ ಆರೋಪಿಯ ಮೇಲೆ ಹಾದುಹೋಗುತ್ತದೆ ಎಂದಾದರೆ ಅವರು ಏನು ಮಾಡುತ್ತಾರೆ? ನಿಮ್ಮಿಬ್ಬರ ಹಿತ ಒಂದೇ ಅಲ್ಲ. ನಿಮಗೆ ಬೇರೆ ವಕೀಲರು ಬೇಕು, ಅದಕ್ಕೆ ಹಣವೂ ಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡಿ. ಸಹಾಯವಾಣಿ 15100.

ಈಗ ನೋಟಿಸ್. ಅದರ ಮೇಲ್ಭಾಗದಲ್ಲಿ ಸೆಕ್ಷನ್ ಸಂಖ್ಯೆ ಇರುತ್ತದೆ, ನೋಡಿ. ತನಿಖೆ, ಬಂಧನದ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179 ಎಂದಿದ್ದರೆ ನಿಮ್ಮನ್ನು ಸಾಕ್ಷಿಯಾಗಿ ಕರೆದಿದ್ದಾರೆ. ಹಾಗಿದ್ದರೆ ಮಹಿಳೆಯನ್ನು ಠಾಣೆಗೆ ಕರೆಸುವಂತಿಲ್ಲ, ಅವರೇ ಮನೆಗೆ ಬರಬೇಕು. 35(3) ಎಂದಿದ್ದರೆ ನಿಮ್ಮನ್ನು ಆರೋಪಿಯಾಗಿ ಕರೆದಿದ್ದಾರೆ, ಹೋಗಲೇಬೇಕು. ಎಫ್‌ಐಆರ್‌ನಲ್ಲಿ ಹೆಸರಿರುವುದರಿಂದ ಎರಡನೆಯದೇ ಇರುತ್ತದೆ. ಹೆದರಬೇಡಿ. ನೋಟಿಸ್‌ನಂತೆ ಹಾಜರಾಗಿ ಸಹಕರಿಸುವವರನ್ನು ಬಂಧಿಸಬೇಕಾದರೆ ಅಧಿಕಾರಿ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಕೂಡದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ನೀವು ಬರೆದ 420, 468 ಮತ್ತು ಹೊಸ ಭಾರತೀಯ ನ್ಯಾಯ ಸಂಹಿತೆಯ 318(4), 336(3) ಎಲ್ಲವೂ ಏಳು ವರ್ಷದವರೆಗಿನವು. ಹಾಗೆಂದು ಕಾಯುತ್ತಾ ಕೂರಬೇಡಿ. ಇವು ಜಾಮೀನುರಹಿತ ಅಪರಾಧಗಳು. 467 ಅಥವಾ 409 ಸೇರಿಸಿದರೆ ಲೆಕ್ಕವೇ ಬದಲಾಗುತ್ತದೆ, ಅವುಗಳಿಗೆ ಜೀವಾವಧಿಯವರೆಗೆ ಶಿಕ್ಷೆ ಇದೆ. ಹಾಜರಾಗುವ ಮುನ್ನವೇ ಜಿಲ್ಲಾ ಸೆಷನ್ಸ್ ನ್ಯಾಯಾಲಯದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 482ರ ಅಡಿ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕುವುದು ಕ್ಷೇಮ. ಹಳೆಯ ವಕೀಲರು ಇದನ್ನು ಇನ್ನೂ 438 ಎನ್ನುತ್ತಾರೆ, ಗಾಬರಿಯಾಗಬೇಡಿ.

ಎರಡೆರಡು ಶಿಕ್ಷೆಯ ಅನುಮಾನ ಕೇಳಿದಿರಿ. ಇಲ್ಲ. ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅದಕ್ಕೂ ಹಿಂದಿನ ಫೈಲುಗಳಿಗೆ ಹಳೆಯ ದಂಡ ಸಂಹಿತೆ, ಆಮೇಲಿನವಕ್ಕೆ ಹೊಸದು. ನಿಮ್ಮ ಫೈಲುಗಳು ಎರಡೂ ಕಡೆ ಚಾಚಿಕೊಂಡಿವೆ, ಅಷ್ಟೇ. ಐಟಿ ಕಾಯ್ದೆ ಎಂದರೆ ಬಹುಶಃ 66ಸಿ ಮತ್ತು 66ಡಿ. ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಗೆ ಬಳಸುವುದು 66ಸಿ. ಯಾರ ಪಾಸ್‌ವರ್ಡನ್ನು ಯಾರು ಬಳಸಿದರು ಎಂದು ಯೋಚಿಸಿ. ಆ ಸೆಕ್ಷನ್ ನಿಮ್ಮ ಕಡೆಗೆ ತಿರುಗಬೇಕಾದದ್ದೇ ಅಲ್ಲ.

ದಂಡ ಕಟ್ಟಿದರೆ ಮುಗಿಯುತ್ತದೆ ಎಂಬುದು ಶುದ್ಧ ಸುಳ್ಳು. ದಂಡ, ಹಣದ ವಸೂಲಿ, ಯೋಜನೆಯ ಪಟ್ಟಿಯಿಂದ ಆಸ್ಪತ್ರೆಯನ್ನು ಕೈಬಿಡುವುದು ಇವೆಲ್ಲ ಟ್ರಸ್ಟ್‌ಗೂ ಆಸ್ಪತ್ರೆಗೂ ನಡುವಿನ ವ್ಯವಹಾರ. ಕ್ರಿಮಿನಲ್ ಕೇಸ್ ತನ್ನ ಪಾಡಿಗೆ ನಡೆಯುತ್ತದೆ. ಪ್ರೋತ್ಸಾಹಧನದ ಹಣವನ್ನು ಆಸ್ಪತ್ರೆಗೆ ವಾಪಸು ಕೊಡಬೇಡಿ, ಅದು ಅವರ ಹಣವೇ ಅಲ್ಲ. ಯಾರಿಗೆ ಮತ್ತು ಹೇಗೆ ಎಂಬುದನ್ನು ವಕೀಲರು ನ್ಯಾಯಾಲಯದಲ್ಲಿ ನೋಡಿಕೊಳ್ಳುತ್ತಾರೆ. ಆ ಹಣ ನಿಮಗೆ ತೊಂದರೆಯೇ ಎಂದು ನೀವು ಕೇಳಲಿಲ್ಲ. ತೊಂದರೆಯೇ. "ಅವಳಿಗೂ ಪಾಲಿತ್ತು" ಎಂದು ಸರ್ಕಾರಿ ವಕೀಲರು ವಾದಿಸುವುದು ಅದರ ಮೇಲೆಯೇ. ಆದ್ದರಿಂದ ನಿಮ್ಮ ವಕೀಲರಿಂದ ಅದನ್ನು ಮುಚ್ಚಿಡಬೇಡಿ.

ಉತ್ತರ 2: ಮಾಜಿ ಆರೋಗ್ಯಮಿತ್ರ

ನಾನು ಇದೇ ಯೋಜನೆಯಲ್ಲಿ ಬೇರೆ ಜಿಲ್ಲೆಯಲ್ಲಿ ಕೆಲಸ ಮಾಡಿದವಳು. ವಕೀಲರು ಕಾನೂನು ಹೇಳಿದರು, ನಾನು ಯಂತ್ರದ ಒಳಗಿನ ವಿಷಯ ಹೇಳುತ್ತೇನೆ.

ಅಕ್ಕ, ಒಂದು ಫೈಲಿಗೆ ಹಣ ಬರಬೇಕಾದರೆ ಅದು ಎರಡು ಬಾಗಿಲು ದಾಟಬೇಕು. ಚಿಕಿತ್ಸೆಗೆ ಮುಂಚಿನ ಅನುಮತಿ ಒಂದು, ಬಿಡುಗಡೆಯಾದ ಮೇಲಿನ ಕ್ಲೇಮ್ ಇನ್ನೊಂದು. ಎರಡರಲ್ಲೂ ವೈದ್ಯರ ಟಿಪ್ಪಣಿ, ಪರೀಕ್ಷಾ ವರದಿ, ಡಿಸ್ಚಾರ್ಜ್ ಸಾರಾಂಶ ಬೇಕು. ಅವುಗಳ ಮೇಲೆ ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಇರುತ್ತವೆ. ಕೌಂಟರಿನ ಹುಡುಗಿ ಡಿಸ್ಚಾರ್ಜ್ ಸಾರಾಂಶವನ್ನು ಹುಟ್ಟಿಸಲಾರಳು. ನೀವು ಹೊರಗಿದ್ದ ಹೊತ್ತಿನಲ್ಲಿ ಹೋದ ಅಪ್‌ಲೋಡ್‌ಗಳ ಗಂಟೆ ನಿಮಿಷ ಸರ್ವರ್‌ನಲ್ಲಿ ದಾಖಲಾಗಿರುತ್ತದೆ. ಅದರ ಎದುರಿಗೆ ನಿಮ್ಮ ಹಾಜರಾತಿ ಯಂತ್ರದ ದಾಖಲೆ ಇಟ್ಟರೆ ಸಾಕು. ಆದರೆ ಆ ಯಂತ್ರ ಇರುವುದು ಆಸ್ಪತ್ರೆಯ ಗೋಡೆಯ ಮೇಲೆ! ನಾಳೆ ಅದು "ಕೆಟ್ಟುಹೋಗಬಹುದು". ಹಾಜರಾತಿ ಯಂತ್ರವನ್ನೂ ಬಾಗಿಲಿನ ಸಿಸಿಟಿವಿಯನ್ನೂ ವಶಕ್ಕೆ ತೆಗೆದುಕೊಳ್ಳಿ ಎಂದು ತನಿಖಾಧಿಕಾರಿಗೆ ನಿಮ್ಮ ವಕೀಲರ ಮೂಲಕ ಬರಹದಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ.

ಹಳದಿ ಚೀಟಿಗಳು ಎಲ್ಲಿವೆ? ಫೈಲಿನಲ್ಲೇ ಇದ್ದರೆ ತನಿಖೆಯವರ ಕೈಸೇರಿರಬೇಕು. ಅವುಗಳ ಮೇಲಿನ ಕೈಬರಹ ನಿಮ್ಮದಲ್ಲ ಎಂಬುದೇ ದೊಡ್ಡದು.

ಸಣ್ಣ ಸಂಬಳದವರನ್ನು ಸುಮ್ಮನೆ ಬಿಟ್ಟುಬಿಡುತ್ತಾರೆ ಎಂದು ಮಾತ್ರ ಯಾರೂ ಭಾವಿಸಬೇಡಿ. 2024ರ ನವೆಂಬರ್‌ನಲ್ಲಿ ಅಹಮದಾಬಾದಿನ ಒಂದು ಖಾಸಗಿ ಆಸ್ಪತ್ರೆಯವರು ಮೆಹಸಾಣಾ ಜಿಲ್ಲೆಯ ಬೋರಿಸಣಾ ಗ್ರಾಮದಲ್ಲಿ ಶಿಬಿರ ಮಾಡಿದರು. 19 ಮಂದಿಯನ್ನು ಕರೆದೊಯ್ದು ಏಳು ಜನಕ್ಕೆ ಆಯುಷ್ಮಾನ್ ಕಾರ್ಡಿನ ಮೇಲೆ ಸ್ಟೆಂಟ್ ಹಾಕಿದರು, ಇಬ್ಬರು ಸತ್ತರು. ಬಂಧನವಾದವರಲ್ಲಿ ವೈದ್ಯರು ಮತ್ತು ನಿರ್ದೇಶಕರ ಜೊತೆ ಪ್ರಚಾರ ವಿಭಾಗದ ನೌಕರರೂ ಇದ್ದರು. ನಿಮ್ಮದು ಆ ಮಟ್ಟದ್ದಲ್ಲ, ದೇವರ ದಯೆ.

ಉತ್ತರ 3: ಪಾವಗಡದ ಕಡಲೆಕಾಯಿ

ಎಲ್ಲರೂ ಈಕೆಗೆ ಧೈರ್ಯ ಹೇಳುತ್ತಿದ್ದೀರಿ. ಹೇಳಿ, ಬೇಡವೆನ್ನುವುದಿಲ್ಲ. ನಾನು ಕೌಂಟರಿನ ಆಚೆಯ ಬದಿಯವನು.

ನಮ್ಮ ತಂದೆ ಕೆಮ್ಮು ಎಂದು ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದರು. ಕಾರ್ಡ್ ಕೇಳಿದರು, ಹೆಬ್ಬೆಟ್ಟು ಒತ್ತಿಸಿದರು, ಮಾತ್ರೆ ಕೊಟ್ಟು ಕಳುಹಿಸಿದರು. ಮಾತ್ರೆಗೆ ಹಣವನ್ನೂ ತೆಗೆದುಕೊಂಡರು. ಮೂರನೇ ದಿನ ಎದೆನೋವು. ಬೆಂಗಳೂರಿಗೆ ಹೊತ್ತುಕೊಂಡು ಹೋದರೆ ಅಲ್ಲಿನ ಕಂಪ್ಯೂಟರ್ ಹೇಳುತ್ತದೆ, ಈ ಮನುಷ್ಯ ಈಗಾಗಲೇ ಬೇರೊಂದು ಆಸ್ಪತ್ರೆಯಲ್ಲಿ ದಾಖಲಾಗಿದ್ದಾನೆ ಎಂದು! ಸ್ಟ್ರೆಚರ್ ಮೇಲೆ ನರಳುತ್ತಿರುವ ನಮ್ಮಪ್ಪ ದಾಖಲೆಯಲ್ಲಿ ಇನ್ನೆಲ್ಲೋ ಚೇತರಿಸಿಕೊಳ್ಳುತ್ತಿದ್ದರು. ಅದು ಸರಿಹೋಗುವ ಹೊತ್ತಿಗೆ ಎರಡು ಸೀಮೆ ಹಸು ಮಾರಿ ಹಣ ಕಟ್ಟಿಯಾಗಿತ್ತು. ತಂದೆ ಬದುಕಿದರು, ಹಸು ವಾಪಸು ಬರಲಿಲ್ಲ.

ವರ್ಷಕ್ಕೆ ಐದು ಲಕ್ಷ ಎನ್ನುವುದು ಒಬ್ಬರಿಗಲ್ಲ, ಇಡೀ ಕುಟುಂಬಕ್ಕೆ. ನೀವು ಐದು ದಿನದ ನಿಗಾ ಘಟಕ ಎಂದು ಹಾಕಿದ ಪ್ರತಿ ಫೈಲೂ ಯಾರದೋ ಮನೆಯ ಆ ಐದು ಲಕ್ಷದಿಂದ ಕಡಿದ ತುಂಡು. "ಸರ್ಕಾರದ ದುಡ್ಡು" ಎಂದು ಎಲ್ಲರೂ ಹೇಳುತ್ತಾರೆ. ಈ ಯೋಜನೆಯ ಬಗ್ಗೆ ಸಿಎಜಿ, ಅಂದರೆ ಸರ್ಕಾರದ ಲೆಕ್ಕ ತಪಾಸಣೆಯವರ, ವರದಿ 2023ರಲ್ಲಿ ಸಂಸತ್ತಿನ ಮುಂದೆ ಬಂದಾಗ ಏಳೂವರೆ ಲಕ್ಷದಷ್ಟು ಫಲಾನುಭವಿಗಳ ಹೆಸರಿಗೆ ಒಂದೇ ಮೊಬೈಲ್ ಸಂಖ್ಯೆ, ಹತ್ತು ಒಂಬತ್ತುಗಳು, ಇತ್ತೆಂದು ಓದಿ ಜನ ನಕ್ಕರು. ನನಗೆ ನಗು ಬರಲಿಲ್ಲ. ಖರ್ಚಾಗಿದೆ ಎಂಬ ಸಂದೇಶ ರೋಗಿಗೆ ತಲುಪುವುದು ಆ ಸಂಖ್ಯೆಗೇ ಅಲ್ಲವೇ?

ಹಳದಿ ಚೀಟಿಯಲ್ಲಿ ಕೋಡ್ ಬರೆದವರು ಯಾರು, ರಾತ್ರಿ ಓಟಿಪಿ ಕೇಳಿದವರು ಯಾರು ಎಂದು ನೀವು ನ್ಯಾಯಾಧೀಶರ ಮುಂದೆ ಹೇಳಿದರೆ ನಿಮ್ಮ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯುತ್ತದೆ. ನಿಮ್ಮತ್ತೆ ಹೇಳುವ ಉಂಡ ಮನೆಯ ಅಕ್ಕಿ ಬಂದದ್ದು ನಮ್ಮ ಮನೆಯಿಂದ.

ಪ್ರಶ್ನೆ ಕೇಳಿದವರ ಮರುಮಾತು: ಗುಬ್ಬಿ ಕಡೆಯವಳು

ವಕೀಲರ ಮಾತಿನಂತೆ ಕೇಸಿನ ವಿಷಯ ಇಲ್ಲಿ ಇನ್ನು ಬರೆಯುವುದಿಲ್ಲ. ನೋಟಿಸ್‌ನಲ್ಲಿ ಇರುವುದು 35(3). ಕಾನೂನು ನೆರವಿಗೆ ಅರ್ಜಿ ಕೊಟ್ಟೆ, ಒಬ್ಬ ಮಹಿಳಾ ವಕೀಲರನ್ನು ಕೊಟ್ಟಿದ್ದಾರೆ. ಮ್ಯಾನೇಜರ್ ಮತ್ತೆ ಕರೆ ಮಾಡಿದಾಗ ಯಜಮಾನರೇ ಫೋನ್ ತೆಗೆದುಕೊಂಡು ಸಹಿ ಹಾಕುವುದಿಲ್ಲ ಎಂದು ಹೇಳಿದರು. ಅತ್ತೆ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಮಗಳ ಕೈಯಲ್ಲಿ ಹೇಳಿ ಕಳುಹಿಸುತ್ತಾರೆ.

ಪಾವಗಡದ ಅಣ್ಣನವರೇ, ನಿಮ್ಮ ಬರಹವನ್ನು ಯಜಮಾನರಿಗೆ ಓದಿ ಹೇಳಿದೆ. ಉತ್ತರ ಕೊಡುವ ಅರ್ಹತೆ ನನಗಿದೆಯೋ ಇಲ್ಲವೋ. ಫೋಟೊ ತೆಗೆಯುವಾಗ ಮುಖ ನೋಡುತ್ತಿದ್ದೆ, ಅವರ ಮನೆಯನ್ನು ಯೋಚಿಸುತ್ತಿರಲಿಲ್ಲ.

ವಕೀಲ ಅಣ್ಣ, ಒಂದೇ ಒಂದು ಪ್ರಶ್ನೆ. ಠಾಣೆಯಲ್ಲಿ ಮೊಬೈಲ್ ತೆಗೆದುಕೊಂಡರೆ ನನ್ನ ಬಳಿ ಏನೂ ಉಳಿಯುವುದಿಲ್ಲವಲ್ಲ? ಅದರಲ್ಲೇ ಎಲ್ಲವೂ ಇರುವುದು.

ಉತ್ತರ 4: ಕೋರ್ಟ್ ಆವರಣದ ಹುಣಸೆಮರ

ತೆಗೆದುಕೊಂಡೇ ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳಲಿ. ಅದು ನಿಮ್ಮ ಕೈಯಲ್ಲಿರುವುದಕ್ಕಿಂತ ಪಂಚನಾಮೆಯಲ್ಲಿ ಇರುವುದು ಹೆಚ್ಚು ಭದ್ರ. ಜಪ್ತಿ ಮಾಡುವುದನ್ನು ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ವಿಡಿಯೊ ಮಾಡಬೇಕು. ಪಂಚನಾಮೆಯಲ್ಲಿ ಮೊಬೈಲಿನ ಗುರುತಿನ ಸಂಖ್ಯೆಯಾದ ಐಎಂಇಐ ಸಂಖ್ಯೆ ಬರೆದಿದ್ದಾರೆಯೇ ಎಂದು ನೋಡಿ, ಪ್ರತಿ ಕೇಳಿ ಪಡೆಯಿರಿ. ಹೋಗುವ ಮೊದಲು ಆ ಸಂಭಾಷಣೆಯನ್ನು ಪೂರ್ತಿಯಾಗಿ ಎಕ್ಸ್‌ಪೋರ್ಟ್ ಮಾಡಿ ನಿಮ್ಮ ವಕೀಲರ ಇಮೇಲ್‌ಗೆ ಕಳುಹಿಸಿ. ಮುದ್ರಿಸಿದ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರ ಜೊತೆಗಿರಬೇಕು, ಅದನ್ನು ಅವರೇ ಸಿದ್ಧಪಡಿಸುತ್ತಾರೆ. ಫೋನ್‌ಪೇ ವಿವರವನ್ನು ಬ್ಯಾಂಕಿನಿಂದ ಮೊಹರು ಹಾಕಿಸಿ ತೆಗೆಸಿಡಿ. ಮ್ಯಾನೇಜರ್ ಖಾತೆಯಿಂದ ಬಂದ ಪ್ರತಿ ನೂರು ರೂಪಾಯಿಗೂ ಅಲ್ಲಿ ದಿನಾಂಕ ಇರುತ್ತದೆ. ಠಾಣೆಗೆ ಹಗಲು ಹೊತ್ತಿನಲ್ಲೇ ಹೋಗಿ, ವಕೀಲರನ್ನು ಕರೆದುಕೊಂಡೇ ಹೋಗಿ. ಆಟೋದವರು ಹೊರಗೆ ಕಾಯಲಿ.